‘ದಡ್ಡ’ ಎಂಬ ಹಣೆಪಟ್ಟಿಯ ಬೆಲೆ

ವಿಜಯದಶಮಿಯಂದು ಕೊಲ್ಲೂರು ಮೂಕಾಂಬಿಕೆಯ ಸನ್ನಿಧಿಯಲ್ಲಿ ಅಕ್ಕಿಯ ಮೇಲೆ ಮೊದಲ ಅಕ್ಷರ ಬರೆಯುವ ಎಳೆಯರಲ್ಲಿ ಜಾಣರು, ದಡ್ಡರು ಎಂಬ ವಿಂಗಡಣೆಯಿಲ್ಲ. ಹತ್ತನೆಯ ತರಗತಿಯ ಹೊತ್ತಿಗೆ ಅದು ಪೂರ್ಣಗೊಂಡಿರುತ್ತದೆ.

2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಉಡುಪಿ ಜಿಲ್ಲೆ ಶೇ 94ರಷ್ಟು ಫಲಿತಾಂಶದೊಂದಿಗೆ ರಾಜ್ಯಕ್ಕೇ ಪ್ರಥಮವಾಯಿತು; ರಾಜ್ಯದ ಫಲಿತಾಂಶ ಶೇ 73.40. ಹೆಮ್ಮೆಯ ಸಂಗತಿಯೇ. ಆದರೆ ನೂರಕ್ಕೆ ತೊಂಬತ್ತನಾಲ್ಕು ಮಂದಿ ಗೆಲ್ಲುವಲ್ಲಿ ಉಳಿದ ಆರು ಮಂದಿಯ ಅವಮಾನ ಇನ್ನಷ್ಟು ತೀವ್ರ.

ಸೋಲಿಗೆ ಬುದ್ಧಿಮಟ್ಟವೊಂದೇ ಕಾರಣವೆಂಬ ನಂಬಿಕೆ ನಿಲ್ಲುವಂಥದಲ್ಲ. ಅರ್ಥಶಾಸ್ತ್ರಜ್ಞೆಯರಾದ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಗ್ರಾಮೀಣ ಶಾಲಾ ಬಾಲಕರಿಗೆ ದಾರಿ ಹುಡುಕುವ ಒಗಟುಗಳನ್ನು ಕೊಟ್ಟರು. ಜಾತಿ ಪ್ರಕಟವಾಗದಿದ್ದಾಗ ಕೆಳಜಾತಿಯ ಬಾಲಕರು ಮೇಲ್ಜಾತಿಯವರಿಗೆ ಸರಿಸಮನಾಗಿದ್ದರು. ಎಲ್ಲರೆದುರು ಘೋಷಿಸಿದಾಗ ಹಿಂದೆ ಬಿದ್ದರು. 2006ರಲ್ಲಿ ಪ್ರಕಟವಾದ ಈ ಅಧ್ಯಯನದ ಪಾಠ ಸ್ಪಷ್ಟ: ಹಣೆಪಟ್ಟಿಯೇ ಸಾಧನೆಯನ್ನು ಕುಗ್ಗಿಸಬಲ್ಲದು.

ನಮ್ಮ ತರಗತಿಗಳಲ್ಲಿ ಜಾತಿಯ ಜೊತೆಗೆ ಅಂಕವೂ ಹಣೆಪಟ್ಟಿಯಾಗಿದೆ. ಹಿಂದಿನ ಬೆಂಚು, ‘ಗಣಿತ ನಿನ್ನಿಂದಾಗದು’ ಎಂಬ ಮಾತು, ನೆರೆಮನೆಯ ಮಗುವಿನೊಡನೆ ಹೋಲಿಕೆ. ಪದೇ ಪದೇ ಸೋತ ಮಗು ಪ್ರಯತ್ನವನ್ನೇ ಕೈಬಿಡುತ್ತದೆ. ಅದನ್ನು ನಾವು ಸೋಮಾರಿತನವೆನ್ನುತ್ತೇವೆ.

2024ರಲ್ಲಿ ಜಾರಿಗೆ ಬಂದ ಮೂರು ಪರೀಕ್ಷೆಗಳ ಪದ್ಧತಿ ಸ್ವಾಗತಾರ್ಹವಾಗಿತ್ತು. ಆದರೆ ಕುಗ್ಗಿದ ಮನಸ್ಸಿಗೆ ಎರಡನೆಯ ಅವಕಾಶವೂ ಎರಡನೆಯ ಭಯವೇ. ಅಂಕಗಳನ್ನು ತರಗತಿಯಲ್ಲಿ ಗಟ್ಟಿಯಾಗಿ ಓದುವುದು ನಿಲ್ಲಲಿ. ಕಲಿಕೆಯ ಕೊರತೆಯನ್ನು ಎಂಟನೆಯ ತರಗತಿಯಲ್ಲೇ ಗುರುತಿಸಿ ತುಂಬಲಿ. ಪ್ರೌಢಶಾಲೆಗಳಿಗೆ ತರಬೇತಾದ ಆಪ್ತಸಮಾಲೋಚಕರು ದೊರೆಯಲಿ. ಜಿಲ್ಲೆಗಳ ಸ್ಥಾನಪಟ್ಟಿಗಾಗಿ ತೋರುವ ಆಸ್ಥೆಯ ಒಂದಂಶ ಇದಕ್ಕೆ ಸಾಕು.