ಕಚೇರಿಯ ಮಾತು

ಕೋರದಂತಹ ಹೋಬಳಿ ಕೇಂದ್ರಗಳ ನಾಡಕಚೇರಿಗೆ ಜಾತಿ, ಆದಾಯಗಳ ದೃಢೀಕರಣ ಪತ್ರಕ್ಕೆಂದು ರೈತಾಪಿ ಜನರು ಹೊಲದ ಕೆಲಸವನ್ನು ಬಿಟ್ಟು ಬರುವರಷ್ಟೆ. ಅವರನ್ನು ವೃಥಾ ಅಲೆದಾಡಿಸಬಾರದೆಂದೇ 2011ರ ಸಕಾಲ ಅಧಿನಿಯಮವು ಹುಟ್ಟಿ, 2012ರ ಏಪ್ರಿಲ್ 2ರಿಂದ ನಾಡಿನಲ್ಲೆಲ್ಲ ಆಚರಣೆಗೆ ಬಂದಿತು. ಕೆಲಸಕ್ಕೆ ಗಡುವು ಗೊತ್ತಾಯಿತು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿ ಮೀರದಷ್ಟು ಪರಿಹಾರವೂ ಗೊತ್ತಾಯಿತು. ಆದರೆ ಬಿರುನುಡಿಗೆ ಪರಿಹಾರವೆಷ್ಟು? ತಡವನ್ನು ದಿನಗಳಿಂದ ಎಣಿಸಬಹುದು. ಧ್ವನಿಯನ್ನು ಎಣಿಸುವ ಬಗೆ ಯಾವುದು?

ನಮ್ಮ ಭಾಷೆಯಲ್ಲಿ ‘ಬಾ’ ಎಂಬುದಕ್ಕೂ ‘ಬನ್ನಿ’ ಎಂಬುದಕ್ಕೂ ಇರುವ ಅಂತರವು ಒಂದೇ ಪ್ರತ್ಯಯದ್ದು. ತಂದೆಯ ವಯಸ್ಸಿನವನಿಗೆ “ನಾಳೆ ಬಾ” ಎನ್ನುವುದು ಒಂದು ರೀತಿ. “ಈ ಕಾಗದವೊಂದು ಕಡಮೆಯಾಗಿದೆ, ತಂದುಕೊಡಿ, ಮುಗಿಸಿಕೊಡುತ್ತೇನೆ” ಎನ್ನುವುದು ಇನ್ನೊಂದು ರೀತಿ. ಎರಡರಲ್ಲಿಯೂ ಆ ದಿನದ ಕೆಲಸವು ಆಗಲಿಲ್ಲ. ಆದರೆ ಎರಡನೆಯವನು ದಾರಿಯನ್ನು ತಿಳಿದು ಹೋದನು. ಮೊದಲನೆಯವನು ಅವಮಾನವನ್ನು ಹೊತ್ತು ಹೋದನು.

ಗುಮಾಸ್ತನೊಬ್ಬನನ್ನೇ ದೂಷಿಸುವುದು ನ್ಯಾಯವಲ್ಲ. ನಾಲ್ವರೆದುರಿಗೆ ಮೇಲಧಿಕಾರಿಯಿಂದ ಏಕವಚನದಲ್ಲಿ ಗದರಿಸಿಕೊಂಡವನು ಆ ಕಹಿಯನ್ನು ಕಿಟಕಿಯಾಚೆ ನಿಂತವನ ಮೇಲೆ ಸುರಿಯುವುದು ಸಹಜ. ಆದಕಾರಣ ತಿದ್ದುಪಡಿಯು ಮೇಲಿನಿಂದಲೇ ಮೊದಲಾಗತಕ್ಕದ್ದು. ತಪ್ಪನ್ನು ಏಕಾಂತದಲ್ಲಿ ಹೇಳಬೇಕು. ತಪ್ಪನ್ನು ಹೇಳಬೇಕೇ ಹೊರತು ಮನುಷ್ಯನನ್ನು ಹೀಗಳೆಯಬಾರದು.

ಈಗಂತೂ ಅಪ್ಪಣೆಗಳು ಮೊಬೈಲಿನಲ್ಲಿ ಬರುತ್ತವೆ. ಬರಹಕ್ಕೆ ಮುಖವಿಲ್ಲ, ಮುಗುಳುನಗೆಯಿಲ್ಲ. “ಏಕೆ ಆಗಲಿಲ್ಲ?” ಎಂದು ಕುತೂಹಲದಿಂದ ಕೇಳಿದ್ದೂ ಓದುವವನಿಗೆ ಗದರಿಕೆಯಂತೆ ತೋರಬಹುದು. ಕಳುಹಿಸುವ ಮೊದಲು, ಅದು ತಮಗೇ ಬಂದಂತೆ ಒಮ್ಮೆ ಓದಿಕೊಳ್ಳುವುದು ಲೇಸು.

ಗೃಹಸ್ಥರೇ, ಕಚೇರಿಯ ಮಾತಿಗೆ ಮನೆಯೇ ಮೊದಲ ಪಾಠಶಾಲೆ. ಮನೆಗೆಲಸದವರನ್ನು ನಾವು ಕರೆಯುವ ಧ್ವನಿಯನ್ನೇ ಮಕ್ಕಳು ನಾಳೆ ಅಧಿಕಾರದ ಕುರ್ಚಿಗೆ ಒಯ್ಯುವರು.