ಅಭ್ಯಾಸ ತಪ್ಪದಿರಲಿ

ಮೋಟಾರು ಪಂದ್ಯಗಳ ಲೋಕವು ಯಂತ್ರಾರಾಧಕರ ಲೋಕವೆಂದೇ ನಾವು ಭಾವಿಸಿರುತ್ತೇವೆ. ಆದರೆ ಯಂತ್ರದ ನೆರವಿಗೆ ಮಿತಿ ಹಾಕಬೇಕೆಂಬ ವಿವೇಕವನ್ನು ಆ ಲೋಕವೇ ತೋರಿದೆ. ವೇಗ ಹೆಚ್ಚಿಸುವಾಗ ಚಕ್ರ ಜಾರದಂತೆ ತಾನಾಗಿ ಕಾಯುವ ಟ್ರಾಕ್ಷನ್ ಕಂಟ್ರೋಲ್ ವ್ಯವಸ್ಥೆಯನ್ನು ಫಾರ್ಮುಲಾ ಒನ್ 1994ರಲ್ಲಿ ನಿಷೇಧಿಸಿತು. 2001ರಲ್ಲಿ ಒಳಗೆ ಬಿಟ್ಟುಕೊಂಡು, 2008ರಲ್ಲಿ ಪುನಃ ಹೊರಗಿಟ್ಟಿತು. ಚಾಲಕನ ಪಾದಕ್ಕೆ ತಿಳಿದ ಹದವೇ ಪಂದ್ಯದ ಜೀವವೆಂಬುದು ಈ ನಿಷೇಧದ ತಾತ್ಪರ್ಯ.

ಚಾಲಕರೇ ಇಲ್ಲದ ಕಾರುಗಳ ಪಂದ್ಯವೂ 2024ರ ಏಪ್ರಿಲ್‌ನಲ್ಲಿ ಅಬುಧಾಬಿಯಲ್ಲಿ ನಡೆಯಿತು. ಒಂದು ಕಾರು ಗಿರಕಿ ಹೊಡೆದಾಗ ಹಳದಿ ಬಾವುಟದ ಸೂಚನೆ ಬಂತು. ಆಗ ಯಾರನ್ನೂ ಹಿಂದಿಕ್ಕಬಾರದೆಂಬ ನಿಯಮವನ್ನು ಅಕ್ಷರಶಃ ಪಾಲಿಸಿ ಹಿಂದಿನ ಕಾರುಗಳು ನಿಂತೇಬಿಟ್ಟವು. ಅವುಗಳಿಗೆ ನಿಯಮ ತಿಳಿದಿತ್ತು, ಅದರ ಉದ್ದೇಶ ತಿಳಿದಿರಲಿಲ್ಲ.

ಪಂದ್ಯದಲ್ಲಿ ಇದು ನಗೆಯ ಸಂಗತಿ. ನಿತ್ಯವೂ ರೈಲು ಹತ್ತುವ ಮುಂಬಯಿಗರಾದ ನಮಗೆ ಅದು ಪ್ರಾಣದ ಪ್ರಶ್ನೆ. ನಮ್ಮ ಲೋಕಲ್‌ಗಳಲ್ಲಿ ಮೋಟರ್‌ಮನ್ ಕೆಂಪು ಸಿಗ್ನಲ್ ಗಮನಿಸದೆ ಸಾಗಿದರೆ ತಾನಾಗಿ ಬ್ರೇಕ್ ಹಾಕುವ ಎಚ್ಚರಿಕೆ ವ್ಯವಸ್ಥೆಯಿದೆ. ದಣಿದ ಕಣ್ಣಿಗೆ ಇಂಥ ಕಾವಲು ಬೇಕೇಬೇಕು. ಆದರೂ ಆಷಾಢದ ಮಳೆಯಲ್ಲಿ ಕುರ್ಲಾ-ಸಯನ್ ನಡುವೆ ಹಳಿಯ ಮೇಲೆ ನೀರೇರಿದಾಗ ಹದವರಿತು ಗಾಡಿ ಸಾಗಿಸುವುದು ಆತನ ಕೈಯೇ.

2022ರ ಏಪ್ರಿಲ್‌ನಲ್ಲಿ ಆರಂಭವಾದ ಮೆಟ್ರೋ 2ಎ ಮತ್ತು 7ನೇ ಮಾರ್ಗಗಳ ಗಾಡಿಗಳನ್ನು ಕಟ್ಟಿದ್ದು ನಮ್ಮ ಬೆಂಗಳೂರಿನ ಬಿಇಎಂಎಲ್. ಚಾಲಕನಿಲ್ಲದೆಯೂ ಓಡಬಲ್ಲ ಸಾಮರ್ಥ್ಯ ಅವಕ್ಕಿದೆ. ಇದು ನಮಗೆ ಹೆಮ್ಮೆಯೇ. ಯಂತ್ರ ಕೈಕೊಟ್ಟರೆ ಮನುಷ್ಯನಿದ್ದಾನೆಂಬ ಭರವಸೆಯೊಂದೇ ನಮ್ಮನ್ನು ಚಿಂತೆಗೆ ಹಚ್ಚುತ್ತದೆ. ವರ್ಷಗಟ್ಟಲೆ ಬರಿದೆ ನೋಡುತ್ತ ಕುಳಿತವನ ಕೈಗೆ ಆ ಗಳಿಗೆಯಲ್ಲಿ ಪಳಗು ಎಲ್ಲಿಂದ ಬರಬೇಕು? 2009ರಲ್ಲಿ ಅಟ್ಲಾಂಟಿಕ್ ಸಾಗರದ ಮೇಲೆ ಏರ್ ಫ್ರಾನ್ಸ್ 447ರ ವೇಗಮಾಪಕ ಕೊಳವೆಗಳಲ್ಲಿ ಹಿಮ ಕಟ್ಟಿ ಆಟೋಪೈಲಟ್ ಕಳಚಿಕೊಂಡಿತು. ಹಠಾತ್ತನೆ ಹೊಣೆ ಹೊತ್ತ ವೈಮಾನಿಕರಿಗೆ ವಿಮಾನವನ್ನು ಸಂಭಾಳಿಸಲಾಗಲಿಲ್ಲ. 228 ಮಂದಿ ಮಡಿದರು.

ಪಂದ್ಯದವರಂತೆ ನಾವು ಯಂತ್ರವನ್ನು ನಿಷೇಧಿಸಬೇಕಾಗಿಲ್ಲ. ಅವರು ಕಾಪಾಡಿದ್ದನ್ನು ನಾವೂ ಕಾಪಾಡಿಕೊಳ್ಳಬೇಕು. ಮೆಟ್ರೋ ಚಾಲಕರಿಗೆ ಆಗಾಗ ಕೈಯಾರೆ ಗಾಡಿ ನಡೆಸುವ ಸರದಿ ಕಡ್ಡಾಯವಾಗಿರಲಿ. ಅಂದು ಗಾಡಿ ಅರೆನಿಮಿಷ ತಡವಾದರೆ, ಗಡಿಯಾರ ನೋಡಿ ಗೊಣಗದಷ್ಟು ತಾಳ್ಮೆ ಪ್ರಯಾಣಿಕರಾದ ನಮಗಿರಲಿ.