ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ ಸಿಕ್ಕರೆ ನಮ್ಮ ಬ್ಯಾಂಕ್ ಹಣಕ್ಕೆ ಅಪಾಯವೇ?

ಕೋಲಾರದ ಟೊಮೆಟೊ ಮಾರುಕಟ್ಟೆಯಲ್ಲಿ 30 ಬಾಕ್ಸ್ ಇಳಿಸಿದರೆ ಸಾಲಿಗೆ 5ರಂತೆ 6 ಸಾಲು ಜೋಡಿಸಬಹುದು. ಇನ್ನೊಂದು ಬಾಕ್ಸ್ ಬಂದು 31 ಆದರೆ ಹೇಗೆ ಜೋಡಿಸಿದರೂ ಸಾಲುಗಳು ಸಮನಾಗುವುದಿಲ್ಲ. ಹೀಗೆ 1 ಮತ್ತು ತನ್ನನ್ನು ಬಿಟ್ಟು ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ ಸಂಖ್ಯೆಯನ್ನು ಅವಿಭಾಜ್ಯ ಸಂಖ್ಯೆ ಎಂದು ನಾವೆಲ್ಲ ಶಾಲೆಯಲ್ಲಿ ಕಲಿತಿದ್ದೇವೆ.

2024ರ ಅಕ್ಟೋಬರ್‌ನಲ್ಲಿ ಅಮೆರಿಕದ ಲ್ಯೂಕ್ ಡ್ಯುರಾಂಟ್ ಅಲ್ಲಿಯವರೆಗಿನ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆಯನ್ನು ಪತ್ತೆ ಮಾಡಿದರು. 13,62,79,841 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದರಲ್ಲಿ 1 ಕಳೆದರೆ ಅದು ಸಿಗುತ್ತದೆ. ಅದರಲ್ಲಿರುವ ಅಂಕಿಗಳು 4,10,24,320. ಪುಟಕ್ಕೆ 3,000 ಅಂಕಿಯಂತೆ ಅಚ್ಚು ಹಾಕಿದರೂ 13 ಸಾವಿರಕ್ಕೂ ಹೆಚ್ಚು ಪುಟ ಬೇಕು!

ಇಂಥ ಸುದ್ದಿಯ ಬೆನ್ನಲ್ಲೇ ಹುಟ್ಟುವ ಮೂರು ತಪ್ಪು ತಿಳಿವಳಿಕೆಗಳನ್ನು ನೋಡೋಣ.

ಇದೇ ಕೊನೆಯ ಅವಿಭಾಜ್ಯ ಸಂಖ್ಯೆಯೇ?

ಅಲ್ಲ. ಸುಮಾರು 2,300 ವರ್ಷಗಳ ಹಿಂದೆಯೇ ಯೂಕ್ಲಿಡ್ ಇದಕ್ಕೆ ಉತ್ತರ ಕೊಟ್ಟಿದ್ದಾನೆ. ನಿಮಗೆ ಗೊತ್ತಿರುವ ಅವಿಭಾಜ್ಯಗಳನ್ನೆಲ್ಲ ಗುಣಿಸಿ 1 ಕೂಡಿಸಿ. ಬಂದ ಸಂಖ್ಯೆಯನ್ನು ಪಟ್ಟಿಯ ಯಾವುದರಿಂದ ಭಾಗಿಸಿದರೂ 1 ಉಳಿಯುತ್ತದೆ. ಅಂದರೆ ಪಟ್ಟಿಯಲ್ಲಿಲ್ಲದ ಇನ್ನೊಂದು ಅವಿಭಾಜ್ಯ ಇದ್ದೇ ಇದೆ.

ಸುಲಭ ಸೂತ್ರ ಇದೆಯೇ?

5 ಎರಡುಗಳನ್ನು ಗುಣಿಸಿ 1 ಕಳೆದರೆ 31, ಅವಿಭಾಜ್ಯ. ಆದರೆ 11 ಎರಡುಗಳಿಗೆ ಹಾಗೆಯೇ ಮಾಡಿದರೆ 2047 ಬರುತ್ತದೆ. ಅದು 23 ಮತ್ತು 89ರ ಗುಣಲಬ್ಧ. ಹಾಗಾಗಿ ಪ್ರತಿಯೊಂದನ್ನೂ ಪರೀಕ್ಷಿಸಲೇಬೇಕು. ಯಾವುದೇ ಸಂಖ್ಯೆ ಅವಿಭಾಜ್ಯವೇ ಎಂದು ಖಚಿತವಾಗಿ, ದಕ್ಷವಾಗಿ ಹೇಳುವ ವಿಧಾನವನ್ನು 2002ರಲ್ಲಿ ಕೊಟ್ಟವರು ಕಾನ್ಪುರ ಐಐಟಿಯ ಮಣೀಂದ್ರ ಅಗರವಾಲ್, ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ. ಇವರಲ್ಲಿ ಕಯಾಲ್ ಮುಂದೆ ನಮ್ಮ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಸೇರಿದರು.

ಬ್ಯಾಂಕಿನ ಬೀಗ ಮುರಿಯುತ್ತದೆಯೇ?

ಇಲ್ಲ. ಅಂತರ್ಜಾಲದಲ್ಲಿ ಬಳಸುವ ಆರ್‌ಎಸ್‌ಎ ಎಂಬ ಬೀಗದಲ್ಲಿ ಸಾಮಾನ್ಯವಾಗಿ ಸುಮಾರು 300 ಅಂಕಿಗಳ ಎರಡು ಗುಟ್ಟಿನ ಅವಿಭಾಜ್ಯಗಳಿರುತ್ತವೆ. ಅವನ್ನು ಗುಣಿಸುವುದು ಸುಲಭ, ಗುಣಲಬ್ಧದಿಂದ ಮೂಲ ಎರಡನ್ನು ಹುಡುಕುವುದು ಇಂದಿನ ಕಂಪ್ಯೂಟರುಗಳಿಗೆ ಅಸಾಧ್ಯವೆನ್ನುವಷ್ಟು ಕಷ್ಟ. ದಾಖಲೆಯ ಸಂಖ್ಯೆ ಜಗತ್ತಿಗೇ ಗೊತ್ತು. ಎಲ್ಲರ ಕೈಯಲ್ಲಿರುವ ಕೀಲಿಯಿಂದ ಯಾರೂ ಬೀಗ ಹಾಕುವುದಿಲ್ಲ. ಹಾಗಾಗಿ ಅದರಿಂದ ನಮ್ಮ ಹಣಕ್ಕೆ ಹೆಚ್ಚಿನ ಭದ್ರತೆಯೂ ಇಲ್ಲ, ಅಪಾಯವೂ ಇಲ್ಲ.

ಹಾಗಾದರೆ ಹಣ ಹೋಗುವುದು ಹೇಗೆ? ಬಹುತೇಕ ವಂಚನೆಗಳಲ್ಲಿ ಕಳ್ಳ ಗಣಿತದ ಬೀಗ ಮುರಿಯುವುದಿಲ್ಲ, ನಮ್ಮಿಂದಲೇ ತೆಗೆಸುತ್ತಾನೆ. ಶ್ರೀನಿವಾಸಪುರದ ಮಾವಿನ ವ್ಯಾಪಾರಿಯಾಗಲಿ, ಮಾಲೂರು, ಮುಳಬಾಗಿಲಿನ ಅಂಗಡಿಯವರಾಗಲಿ ನೆನಪಿಡಬೇಕಾದದ್ದು ಇಷ್ಟೇ: ಹಣ ಪಡೆಯಲು ಯುಪಿಐ ಪಿನ್ ಬೇಕಾಗಿಲ್ಲ. "ಹಣ ಕಳಿಸುತ್ತೇನೆ, ಪಿನ್ ಒತ್ತಿ" ಎಂದರೆ ಅದು ಮೋಸ. ಒಟಿಪಿ ಯಾರಿಗೂ ಹೇಳಬೇಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಫಾರ್ವರ್ಡ್ ಮಾಡುವುದಾದರೆ ಈ ಮಾತನ್ನು ಮಾಡಿ.